ಆರು ಸಾಲಿನ ಡೀಬಗ್ಗು

ವಿಎಸ್ ಕೋಡ್ ಎಡಿಟರ್ ತೆರೆದು, ಕಂಟ್ರೋಲ್ ಕೀಲಿ ಹಿಡಿದುಕೊಂಡೇ ಮೊದಲು ಕೆ, ಆಮೇಲೆ ಆರ್ ಒತ್ತಿದರೆ ಒಂದು ಹಾಳೆ ತೆರೆದುಕೊಳ್ಳುತ್ತದೆ. ಆ ಎಡಿಟರಿನ ಶಾರ್ಟ್‌ಕಟ್‌ಗಳ ಪಟ್ಟಿ ಅದು. ಒಂದೇ ಪುಟ, ಸಣ್ಣ ಅಕ್ಷರ, ಉದ್ದುದ್ದ ಅಂಕಣಗಳು. ಇದನ್ನು ಪ್ರಿಂಟ್ ತೆಗೆದು ಮೇಜಿನ ಮುಂದೆ ಅಂಟಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲ್ಯಾಮಿನೇಟ್ ಮಾಡಿಸಿದವರೂ ಇದ್ದಾರೆ. ಹಬ್ಬದ ದಿನ ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದನ್ನು ಒಂದು ಆಯುಧಪೂಜೆಯಲ್ಲಿ ಕಂಡಿದ್ದೇನೆ. ಬೆಂಗಳೂರಿನ ಪ್ರೋಗ್ರಾಮರುಗಳು ಇಷ್ಟು ಶ್ರದ್ಧೆಯಿಂದ ಓದುವ ಇನ್ನೊಂದು ಪುಟ ಇರಲಿಕ್ಕಿಲ್ಲ. ಹಾಗಿದ್ದ ಮೇಲೆ, ಕಾದಂಬರಿಗೆ ವಿಮರ್ಶೆ ಬರೆಯುವ ಹಾಗೆ ಇದಕ್ಕೂ ಒಂದು ಯಾಕೆ ಬರೆಯಬಾರದು?

ನಾನು ಮುಂದಿಟ್ಟುಕೊಂಡಿರುವುದು ವಿಂಡೋಸ್ ಪ್ರತಿ. ಜನರಲ್, ಬೇಸಿಕ್ ಎಡಿಟಿಂಗ್, ನ್ಯಾವಿಗೇಷನ್, ಸರ್ಚ್, ಮಲ್ಟಿ ಕರ್ಸರ್ ಅಂತ ವಿಭಾಗಗಳು. ಸಾಲನ್ನು ಮೇಲೆ ಸರಿಸೋದು, ಕೆಳಗೆ ಸರಿಸೋದು, ನಕಲು ಮಾಡೋದು, ಇಡೀ ಸಾಲು ಅಳಿಸೋದು, ಕಾಮೆಂಟ್ ಹಾಕೋದು. ಹಲವು ಕಡೆ ಒಟ್ಟಿಗೆ ಕರ್ಸರ್ ನಿಲ್ಲಿಸೋಕೆ ಮಾತ್ರವೇ ಹತ್ತಕ್ಕೂ ಹೆಚ್ಚು ಸಾಲು. ಕೊನೆಯ ಕಡೆಗೆ, ಟರ್ಮಿನಲ್‌ನ ಪಕ್ಕದಲ್ಲಿ, ಡೀಬಗ್ ಅಂತ ಒಂದು ಪುಟ್ಟ ಡಬ್ಬಿ. ಅದರಲ್ಲಿರುವುದು ಆರೇ ಆರು ಸಾಲು.

ನನ್ನ ತಕರಾರು ಈ ಆರು ಸಾಲಿನದು. ಹಾಳೆ ತಪ್ಪು ಹೇಳ್ತಿದೆ ಅಂತಲ್ಲ, ಅದರಲ್ಲಿರುವ ಪ್ರತಿ ಸಾಲೂ ಸರಿಯೇ. ಆದರೆ ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದೆ ಅನ್ನೋದರಲ್ಲೇ ಒಂದು ಅಭಿಪ್ರಾಯ ಇದೆಯಲ್ಲ, ಪ್ರೋಗ್ರಾಮರ್ ಅಂದರೆ ಮುಖ್ಯವಾಗಿ ಬೆರಳಚ್ಚುಗಾರ ಅನ್ನುವ ಅಭಿಪ್ರಾಯ, ಅದನ್ನು ನಾವು ಪ್ರಶ್ನೆ ಮಾಡದೆ ನುಂಗಿಬಿಟ್ಟಿದ್ದೇವೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಕಂಟ್ರೋಲ್+ಪಿ ಒತ್ತಿ ಕಡತದ ಹೆಸರಿನ ನಾಲ್ಕು ಅಕ್ಷರ ಕುಟ್ಟಿದರೆ ಸಾವಿರ ಕಡತಗಳ ನಡುವಿನಿಂದ ಬೇಕಾದ್ದು ಎದುರಿಗೆ ಬಂದು ನಿಲ್ಲುತ್ತದೆ. ಇದರ ರುಚಿ ಹತ್ತಿದವರು ಮತ್ತೆ ಎಡಗಡೆಯ ಫೋಲ್ಡರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಕೂರಲ್ಲ. ಎಫ್12 ಒತ್ತಿದರೆ ಈ ಫಂಕ್ಷನ್ ಎಲ್ಲಿ ಹುಟ್ಟಿದೆ ಅನ್ನೋ ಕಡೆಗೆ ಹೋಗುತ್ತೇವೆ. ಶಿಫ್ಟ್+ಎಫ್12 ಒತ್ತಿದರೆ ಇದನ್ನು ಯಾರ್ಯಾರು ಕರೀತಿದ್ದಾರೆ ಅನ್ನೋ ಪಟ್ಟಿ. ಆಲ್ಟ್+ಎಡಬಾಣ ಒತ್ತಿದರೆ ಬಂದ ದಾರಿಗೆ ವಾಪಸ್. ಈ ಮೂರೂ ಓದುವವನ ಕೀಲಿಗಳು. ಬೇರೆಯವರು ಬರೆದ ಕೋಡಿನಲ್ಲಿ ದಾರಿ ತಪ್ಪದೆ ಓಡಾಡಲು ಇವು ಬೇಕೇ ಬೇಕು.

ಇನ್ನು ಜನ ಬಾಯಿ ಬಿಟ್ಟು ನೋಡುವ ಮಲ್ಟಿ ಕರ್ಸರ್. ಒಂದು ಪದದ ಮೇಲೆ ನಿಂತು ಕಂಟ್ರೋಲ್+ಡಿ ಒತ್ತುತ್ತಾ ಹೋದರೆ ಆ ಪದ ಇರುವ ಮುಂದಿನ ಮುಂದಿನ ಜಾಗಗಳಲ್ಲೆಲ್ಲ ಒಂದೊಂದು ಕರ್ಸರ್ ಮೂಡುತ್ತದೆ, ಒಮ್ಮೆ ಕುಟ್ಟಿದ್ದು ಎಲ್ಲ ಕಡೆ ಬೀಳುತ್ತದೆ. ಯೂಟ್ಯೂಬ್‌ನ ಟಿಪ್ಸ್ ವಿಡಿಯೋಗಳಲ್ಲಿ ಇದಕ್ಕೇ ಚಪ್ಪಾಳೆ. ಆದರೆ ಅದೇ ಹಾಳೆಯಲ್ಲಿ ಎಫ್2 ಅಂತ ಇನ್ನೊಂದಿದೆ, ಹೆಸರು ಬದಲಿಸುವ ಕೀಲಿ. ಎರಡರ ನಡುವಿನ ವ್ಯತ್ಯಾಸವನ್ನು ಹಾಳೆ ಹೇಳುವುದಿಲ್ಲ. ‘ರೇಟ್’ ಅನ್ನೋ ನಾಲ್ಕಕ್ಷರವನ್ನು ಮೌಸಿನಲ್ಲಿ ಆಯ್ದುಕೊಂಡು ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದರೆ ‘ಜನರೇಟ್’ ಒಳಗಿನ ರೇಟೂ ‘ಆಪರೇಟ್’ ಒಳಗಿನ ರೇಟೂ ಜೊತೆಗೆ ಬದಲಾಗುತ್ತವೆ. ಮಲ್ಟಿ ಕರ್ಸರ್‌ಗೆ ಕಾಣೋದು ಅಕ್ಷರ ಮಾತ್ರ. ಎಫ್2 ಆ ಭಾಷೆಯ ವ್ಯಾಕರಣ ತಿಳಿದು ಕೆಲಸ ಮಾಡುತ್ತದೆ. ಈ ರೇಟ್ ಬೇರೆ, ಪಕ್ಕದ ಫಂಕ್ಷನ್ನಿನ ರೇಟ್ ಬೇರೆ ಅಂತ ಅದಕ್ಕೆ ಗೊತ್ತು. ಚಪ್ಪಾಳೆ ಸಿಗೋದು ಮೊದಲನೆಯದಕ್ಕೆ, ಅನ್ನ ಹಾಕೋದು ಎರಡನೆಯದು.

ಈ ಬೆರಳಿನ ವ್ಯಾಮೋಹ ಎಲ್ಲಿಂದ ಬಂತು ಅಂತ ಹಿಂದೆ ಹೋದರೆ ಒಂದು ನ್ಯಾಯವಾದ ಕಾರಣವೇ ಸಿಗುತ್ತದೆ. 1976ರ ಹೊತ್ತಿಗೆ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ‘ವಿಐ’ ಎಡಿಟರ್ ಬರೆದರು. ಅವರ ಮುಂದಿದ್ದದ್ದು ಎಡಿಎಂ-3ಎ ಅನ್ನೋ ಟರ್ಮಿನಲ್. ಅದರಲ್ಲಿ ಬಾಣದ ಕೀಲಿಗಳು ಬೇರೆಯಾಗಿ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಬಾಣ ಬಿಡಿಸಿದ್ದರು. ಇವತ್ತಿಗೂ ವಿಮ್ ಬಳಸುವವರು ಆ ನಾಲ್ಕು ಕೀಲಿಗಳಲ್ಲೇ ಓಡಾಡುವುದಕ್ಕೆ ಇಷ್ಟೇ ಕಾರಣ. ಜಾಯ್ ಕೆಲಸ ಮಾಡುತ್ತಿದ್ದದ್ದು 300 ಬಾಡ್ ಮೋಡೆಮ್ ಮೇಲೆ, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ಪೂರ್ತಿ ತುಂಬಬೇಕೆಂದರೆ 1,920 ಅಕ್ಷರ. ಲೆಕ್ಕ ಹಾಕಿ: ಒಂದು ನಿಮಿಷಕ್ಕೂ ಹೆಚ್ಚು. ಅಂಥ ಕಾಲದಲ್ಲಿ ‘ಈ ಪದ ಅಳಿಸು’ ಅನ್ನೋದನ್ನು ಎರಡು ಕೀಲಿಯಲ್ಲಿ ಹೇಳಿ ಮುಗಿಸುವುದು ಶೋಕಿಯಾಗಿರಲಿಲ್ಲ. ನಿಧಾನವಾಗಿದ್ದದ್ದು ಪರದೆ, ಅದಕ್ಕೆ ತಕ್ಕ ಮದ್ದು ಅದು.

ಈಗ ನಿಧಾನವಾಗಿರುವುದು ಯಾವುದು? ಪರದೆ ಅಂತೂ ಅಲ್ಲ. ಒಂದು ದೋಷ ಹಿಡಿಯಲು ಮಧ್ಯಾಹ್ನವೆಲ್ಲ ಕೂತು, ಕೊನೆಗೆ ಒಂದೇ ಸಾಲು ಬದಲಿಸಿ ಎದ್ದ ದಿನಗಳು ಈ ಕಸುಬಿನಲ್ಲಿರುವ ಎಲ್ಲರಿಗೂ ಇವೆ. ಆ ಒಂದು ಸಾಲನ್ನು ಎರಡು ಸೆಕೆಂಡು ಬೇಗ ಕುಟ್ಟಿದ್ದರೆ ಉಳೀತಿದ್ದದ್ದು ಎರಡು ಸೆಕೆಂಡು. ಮಧ್ಯಾಹ್ನ ಹೋದದ್ದು ‘ಇದು ಯಾಕೆ ಹೀಗಾಯ್ತು’ ಅಂತ ತಿಳಿಯುವುದರಲ್ಲಿ.

ನಮ್ಮ ಕಡೆ ಎಂಜಿನಿಯರಿಂಗ್ ಓದಿದ ಒಂದಿಡೀ ಪೀಳಿಗೆಗೆ ಟರ್ಬೊ ಸಿ ಗೊತ್ತು. ಆ ನೀಲಿ ಪರದೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಟ್ರೋಲ್+ಎಫ್9 ಅಂದರೆ ರನ್, ಆಲ್ಟ್+ಎಫ್5 ಅಂದರೆ ಔಟ್‌ಪುಟ್ ನೋಡೋದು: ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಅದೇ ಟರ್ಬೊ ಸಿ ಒಳಗೆ ಎಫ್7 ಒತ್ತಿದರೆ ಪ್ರೋಗ್ರಾಮು ಒಂದೊಂದೇ ಸಾಲು ನಡೆದು ತೋರಿಸುತ್ತಿತ್ತು. ಎಫ್8 ಒತ್ತಿದರೆ ಫಂಕ್ಷನ್ ಒಳಗೆ ಇಳಿಯದೆ ಮುಂದಿನ ಸಾಲಿಗೆ ದಾಟುತ್ತಿತ್ತು. ಬೇಕಾದ ವೇರಿಯಬಲ್ಲನ್ನು ವಾಚ್ ಕಿಟಕಿಯಲ್ಲಿಟ್ಟುಕೊಂಡು ಅದರ ಬೆಲೆ ಬದಲಾಗುವುದನ್ನು ಕಣ್ಣಾರೆ ನೋಡಬಹುದಿತ್ತು. ನನ್ನ ಲ್ಯಾಬಿನಲ್ಲಿ ಇದನ್ನು ಯಾರೂ ತೋರಿಸಲಿಲ್ಲ. ರನ್ ಮಾಡು, ಔಟ್‌ಪುಟ್ ನೋಡು, ರೆಕಾರ್ಡ್ ಬರೆ, ಸಹಿ ಹಾಕಿಸು. ಪ್ರೋಗ್ರಾಮಿನ ಒಳಗೆ ಇಣುಕಿ ನೋಡುವ ಕಿಟಕಿ ಆಗಲೇ ಇತ್ತು. ಸಿಲಬಸ್ಸಿನಲ್ಲಿ ಇರಲಿಲ್ಲ, ಅಷ್ಟೆ.

ಈಗ ಆ ಆರು ಸಾಲಿಗೆ ಬರೋಣ. ಎಫ್9 ಒತ್ತಿದರೆ ಸಾಲಿನ ಎಡಕ್ಕೆ ಒಂದು ಕೆಂಪು ಚುಕ್ಕೆ ಬೀಳುತ್ತದೆ, ಅದೇ ಬ್ರೇಕ್‌ಪಾಯಿಂಟು. ಎಫ್5 ಒತ್ತಿದರೆ ಪ್ರೋಗ್ರಾಮು ಓಡಿ ಬಂದು ಆ ಚುಕ್ಕೆಯ ಹತ್ತಿರ ನಿಲ್ಲುತ್ತದೆ. ಎಫ್10 ಅಂದರೆ ದಾಟು, ಎಫ್11 ಅಂದರೆ ಒಳಗೆ ಇಳಿ, ಶಿಫ್ಟ್+ಎಫ್11 ಅಂದರೆ ಹೊರಗೆ ಬಾ, ಮತ್ತೆ ಎಫ್5 ಅಂದರೆ ಮುಂದೆ ಓಡು, ಶಿಫ್ಟ್+ಎಫ್5 ಅಂದರೆ ಸಾಕು ನಿಲ್ಲಿಸು. ಹಾಳೆ ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಇದನ್ನು ಕಂಠಪಾಠ ಮಾಡಿದವನು ಎಕ್ಲಿಪ್ಸ್‌ಗೆ ಹೋದರೆ ಅಲ್ಲಿ ಎಫ್5 ಅಂದರೆ ‘ಒಳಗೆ ಇಳಿ’, ಎಫ್6 ಅಂದರೆ ‘ದಾಟು’. ಇಂಟೆಲಿಜೆಗೆ ಹೋದರೆ ಎಫ್7 ಮತ್ತು ಎಫ್8, ಹಳೆಯ ಟರ್ಬೊ ಸಿ ಥರವೇ. ಟರ್ಮಿನಲ್‌ನಲ್ಲಿ ಜಿಡಿಬಿ ಬಳಸಿದರೆ ಎಫ್ ಕೀಲಿಗಳೇ ಇಲ್ಲ, ನೆಕ್ಸ್ಟ್, ಸ್ಟೆಪ್, ಫಿನಿಶ್, ಕಂಟಿನ್ಯೂ ಅಂತ ಮಾತಿನಲ್ಲೇ ಹೇಳಬೇಕು. ಕೀಲಿ ಊರೂರಿಗೆ ಬದಲಾಗುತ್ತದೆ, ಕ್ರಿಯಾಪದಗಳು ಎಲ್ಲ ಕಡೆ ಅವೇ: ನಿಲ್ಲು, ದಾಟು, ಇಳಿ, ಹೊರಗೆ ಬಾ, ಓಡು. ಕಲಿಸುವವರು ಈ ಕ್ರಿಯಾಪದಗಳಿಂದ ಶುರು ಮಾಡಿದರೆ ಕೀಲಿಗಳು ತಾವಾಗಿ ಬರುತ್ತವೆ.

ಈ ಕೀಲಿಗಳು ಜನರ ಕೈಗೆ ಹತ್ತದಿರುವುದಕ್ಕೆ ಇನ್ನೊಂದು ತಮಾಷೆಯ ಕಾರಣ ಇದೆ. ಲ್ಯಾಪ್‌ಟಾಪ್ ಮಾಡುವವರು ಮೇಲಿನ ಎಫ್ ಸಾಲನ್ನು ದನಿ ಏರಿಸಲು, ಇಳಿಸಲು, ಬೆಳಕು ಕಮ್ಮಿ ಮಾಡಲು ಕೊಟ್ಟುಬಿಟ್ಟಿದ್ದಾರೆ. ಎಫ್10 ಒತ್ತಿ ‘ದಾಟು’ ಅಂದರೆ ಎಷ್ಟೋ ಯಂತ್ರಗಳಲ್ಲಿ ಸ್ಪೀಕರಿನ ಸದ್ದು ಮಾತ್ರ ಬದಲಾಗುತ್ತದೆ. ಎಫ್ಎನ್ ಅನ್ನೋ ಮೂಲೆಯ ಕೀಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಕು. ಹೊಸಬರು ಒಂದೆರಡು ಸಲ ಒತ್ತಿ, ‘ನನ್ನ ಲ್ಯಾಪ್‌ಟಾಪಲ್ಲಿ ಇದು ಬರಲ್ಲ’ ಅಂತ ಬಿಟ್ಟುಬಿಡುತ್ತಾರೆ. ಸೆಟಿಂಗ್ಸ್‌ನಲ್ಲೋ ಬಯಾಸ್‌ನಲ್ಲೋ ಇದನ್ನು ತಿರುಗಿಸಿಡಬಹುದು, ಎಡಿಟರಿನಲ್ಲೇ ಬೇರೆ ಕೀಲಿ ಕಟ್ಟಿಕೊಳ್ಳಲೂಬಹುದು. ಹಾಳೆಯಲ್ಲಿ ಅದಕ್ಕೊಂದು ಸಾಲು ಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ ಅಂದರೆ, ಡೀಬಗ್ಗರಿನ ಅತಿ ಬೆಲೆಬಾಳುವ ಸಾಮಾನುಗಳು ಆ ಡಬ್ಬಿಯಲ್ಲೇ ಇಲ್ಲ. ಒಂದು ಉದಾಹರಣೆ ಹೇಳುತ್ತೇನೆ.

ಸ್ನೇಹಿತರೊಬ್ಬರು ಜಾನಪದ ಹಾಡುಗಳ ಧ್ವನಿಮುದ್ರಣಗಳನ್ನು ಒಂದು ಪುಟ್ಟ ವೆಬ್‌ಸೈಟಿಗೆ ಏರಿಸಿದ್ದರು. ಇನ್ನೂರರ ಹತ್ತಿರ ಹಾಡು. ಹಾಡಿನ ಹೆಸರಿನ ಪಟ್ಟಿಯನ್ನು ವಿಂಡೋಸ್‌ನಲ್ಲಿ ಕುಟ್ಟಿದ್ದರು, ಧ್ವನಿಯ ಕಡತಗಳು ಒಂದು ಹಳೇ ಮ್ಯಾಕ್‌ನ ಡಿಸ್ಕಿನಿಂದ ಬಂದಿದ್ದವು. ಲಾವಣಿ ನುಡಿಯುತ್ತೆ, ತತ್ವಪದ ನುಡಿಯುತ್ತೆ. ಕೋಲಾಟ ನುಡಿಯಲ್ಲ, ಸೋಬಾನೆ ನುಡಿಯಲ್ಲ, ಗೀಗೀ ಪದ ನುಡಿಯಲ್ಲ. ಕಡತ ಸಿಗಲಿಲ್ಲ ಅನ್ನುತ್ತದೆ. ಅವರು ಎಲ್ಲರೂ ಮಾಡುವುದನ್ನೇ ಮಾಡಿದರು, ಎರಡೂ ಹೆಸರನ್ನು ಪ್ರಿಂಟ್ ಮಾಡಿಸಿ ನೋಡಿದರು. ಪರದೆಯಲ್ಲಿ ಬಂದದ್ದು ಹೀಗೆ: ಕೋಲಾಟ, ಕೋಲಾಟ, ಸಮ ಅಲ್ಲ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಇಂಥಾದ್ದು ಎದುರಾದಾಗ ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುತ್ತದೆ.

ಹೋಲಿಕೆ ನಡೆಯುವ ಸಾಲಿನಲ್ಲಿ ಕೆಂಪು ಚುಕ್ಕೆ ಇಟ್ಟೆವು. ಇನ್ನೂರು ಹಾಡಿಗೂ ನಿಂತರೆ ಇನ್ನೂರು ಸಲ ಎಫ್5 ಒತ್ತಬೇಕು. ಅದಕ್ಕೆ ಚುಕ್ಕೆಗೆ ಒಂದು ಷರತ್ತು ಹಾಕಿದೆವು: ಪಟ್ಟಿಯ ಹೆಸರು ಕೋಲಾಟ ಆಗಿದ್ದರೆ ಮಾತ್ರ ನಿಲ್ಲು. ಕಂಡಿಷನಲ್ ಬ್ರೇಕ್‌ಪಾಯಿಂಟ್ ಅನ್ನುತ್ತಾರೆ ಇದನ್ನು. ನಿಂತಿತು. ವಾಚ್ ಕಿಟಕಿಯಲ್ಲಿ ಎರಡೂ ಹೆಸರಿನ ಉದ್ದ ಕೇಳಿದೆವು. ಒಂದರದ್ದು 5, ಇನ್ನೊಂದರದ್ದು 7. ಬಿಡಿಬಿಡಿಯಾಗಿ ತೋರಿಸು ಅಂದಾಗ ಗುಟ್ಟು ರಟ್ಟಾಯಿತು. ವಿಂಡೋಸ್‌ನಲ್ಲಿ ಕುಟ್ಟಿದ ‘ಕೋ’ದಲ್ಲಿ ಓತ್ವದ ದೀರ್ಘ ಒಂದೇ ಚಿಹ್ನೆಯಾಗಿ ಕೂತಿತ್ತು. ಮ್ಯಾಕ್‌ನಿಂದ ಬಂದ ‘ಕೋ’ದಲ್ಲಿ ಎತ್ವ ಬೇರೆ, ಕೊಂಬಿನ ಇಳಿ ಬೇರೆ, ದೀರ್ಘ ಬೇರೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಸಮಾನ. ಆದರೆ ಜಾವಾಸ್ಕ್ರಿಪ್ಟಿನ ಸಮಚಿಹ್ನೆ ಆ ಸಮಾನತೆಯನ್ನು ತಾನಾಗಿ ನೋಡುವುದಿಲ್ಲ. ಹೋಲಿಸುವ ಮೊದಲು ಎರಡನ್ನೂ ನಾರ್ಮಲೈಸ್ ಮಾಡಬೇಕು. ಒಂದು ಸಾಲು ಸೇರಿಸಿದೆವು, ಕೋಲಾಟ ನುಡಿಯಿತು.

ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಾಗುಣಿತದಲ್ಲಿ ಹೀಗೆ ಬಿಡಿಸಲು ಬರುವ ಸ್ವರಚಿಹ್ನೆಗಳು ಐದು: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿರುವವು. ಲಾವಣಿಯಲ್ಲೂ ತತ್ವಪದದಲ್ಲೂ ಇವು ಯಾವುವೂ ಇಲ್ಲ, ಹಾಗಾಗಿ ಅವು ಬಚಾವಾದವು. ಪ್ರಿಂಟ್ ಮಾಡಿ ಕಣ್ಣಲ್ಲಿ ನೋಡಿದರೆ ಇದು ಜನ್ಮದಲ್ಲಿ ಸಿಗಲ್ಲ, ಯಾಕೆಂದರೆ ಫಾಂಟು ಎರಡನ್ನೂ ಒಂದೇ ಥರ ಬರೆದು ತೋರಿಸುತ್ತದೆ.

ಇಲ್ಲಿ ದಾರಿ ತೋರಿಸಿದ್ದು ಷರತ್ತಿನ ಚುಕ್ಕೆ. ಅದಕ್ಕೆ ಹಾಳೆಯಲ್ಲಿ ಸಾಲೂ ಇಲ್ಲ, ಕೀಲಿಯೂ ಇಲ್ಲ. ಸಾಲಿನ ಎಡಬದಿಯ ಅಂಚಿನಲ್ಲಿ ಮೌಸಿನ ಬಲಗುಂಡಿ ಒತ್ತಿ, ಮೆನುವಿನಲ್ಲಿ ಆರಿಸಿಕೊಳ್ಳಬೇಕು. ಅದೇ ಮೆನುವಿನಲ್ಲಿ ಲಾಗ್‌ಪಾಯಿಂಟ್ ಅಂತ ಇನ್ನೊಂದಿದೆ. ಅದು ಪ್ರೋಗ್ರಾಮನ್ನು ನಿಲ್ಲಿಸದೆ, ಆ ಸಾಲು ದಾಟಿದಾಗಲೆಲ್ಲ ನಾವು ಕೇಳಿದ ಬೆಲೆಯನ್ನು ಬರೆದು ತೋರಿಸುತ್ತದೆ. ಕೋಡಿನೊಳಗೆ ಪ್ರಿಂಟ್ ಸಾಲು ತುರುಕಿ, ಆಮೇಲೆ ತೆಗೆಯಲು ಮರೆತು, ‘ಇಲ್ಲಿಗೆ ಬಂತು’ ‘ಅಲ್ಲಿಗೆ ಬಂತು’ ಅನ್ನೋದು ಗ್ರಾಹಕರ ಮುಂದೆ ಉದುರುವ ಪ್ರಮೇಯವೇ ಇಲ್ಲ. ಆದರೆ ಮೌಸ್ ಮುಟ್ಟಿದರೆ ಮೈಲಿಗೆ ಅನ್ನೋ ಮಡಿವಂತರು ನಮ್ಮಲ್ಲಿ ಇದ್ದಾರಲ್ಲ, ಅವರು ಆ ಅಂಚಿನ ಹತ್ತಿರ ಹೋಗುವುದೇ ಇಲ್ಲ. ಹೋಗದಿದ್ದಕ್ಕೆ ಅವರಿಗೆ ಈ ಎರಡು ಸಾಮಾನು ಇರುವುದೇ ಗೊತ್ತಿಲ್ಲ.

ಹಾಗಂತ ಪ್ರಿಂಟ್ ಹಾಕುವವರನ್ನು ಹೀಗಳೆಯಲು ನಾನು ತಯಾರಿಲ್ಲ. ಡೀಬಗ್ಗರಿಗೂ ಮಿತಿ ಇದೆ. ಎರಡು ಕೆಲಸಗಳು ಒಟ್ಟಿಗೆ ಓಡುವಾಗ ಯಾವುದು ಮೊದಲು ಮುಗಿಯಿತು ಅನ್ನೋದರ ಮೇಲೆ ಹುಟ್ಟುವ ದೋಷ, ಚುಕ್ಕೆ ಇಟ್ಟು ನಿಲ್ಲಿಸಿದ ಕೂಡಲೇ ಮಾಯವಾಗಬಹುದು. ನಿಲ್ಲಿಸಿದ್ದರಿಂದ ಸಮಯವೇ ಬದಲಾಯಿತಲ್ಲ! ಸಾವಿರಾರು ಜನ ಬಳಸುತ್ತಿರುವ ಸರ್ವರನ್ನು ನಡುವೆ ನಿಲ್ಲಿಸಿ ‘ಸ್ವಲ್ಪ ಇರಿ, ಒಳಗೆ ನೋಡ್ತೀನಿ’ ಅನ್ನಲೂ ಆಗಲ್ಲ. ಅಲ್ಲಿ ಮೊದಲೇ ಯೋಚಿಸಿ ಬರೆದಿಟ್ಟ ಲಾಗೇ ಗತಿ. ಇನ್ನು ‘ಹೋದ ತಿಂಗಳು ಸರಿಯಿತ್ತು, ಈಗ ಕೆಟ್ಟಿದೆ’ ಅನ್ನೋ ದೂರಿಗೆ ಎಡಿಟರಿನ ಯಾವ ಕೀಲಿಯೂ ಉತ್ತರ ಕೊಡಲ್ಲ. ಅದಕ್ಕೆ ಗಿಟ್‌ನ ಬೈಸೆಕ್ಟ್ ಇದೆ. ಸರಿಯಿದ್ದ ಆವೃತ್ತಿ ಒಂದು, ಕೆಟ್ಟ ಆವೃತ್ತಿ ಒಂದು ತೋರಿಸಿದರೆ ಅದು ನಡುವಿನದನ್ನು ತೆಗೆದು ಕೊಡುತ್ತದೆ. ಇದು ಸರಿಯೋ ಕೆಟ್ಟದ್ದೋ ಅಂತ ನಾವು ಹೇಳುತ್ತಾ ಹೋಗಬೇಕು. ಪ್ರತಿ ಸಲವೂ ಹುಡುಕಬೇಕಾದ್ದು ಅರ್ಧವಾಗುತ್ತದೆ. ಸಾವಿರ ಬದಲಾವಣೆಗಳಿದ್ದರೂ ಹತ್ತು ಸಲ ಪರೀಕ್ಷಿಸುವುದರೊಳಗೆ ಕೆಡಿಸಿದ್ದು ಯಾವುದು ಅಂತ ಸಿಕ್ಕಿಬೀಳುತ್ತದೆ. ನನಗೆ ಗೊತ್ತಿರುವ ಅತಿ ದೊಡ್ಡ ಶಾರ್ಟ್‌ಕಟ್ ಇದು.

ಇಷ್ಟೆಲ್ಲ ಒಂದು ಹಾಳೆಯ ಮೇಲೆ ಯಾಕೆ ಸಿಟ್ಟು ಅಂತ ನೀವು ಕೇಳಬಹುದು. ಯಾಕೆಂದರೆ ಆ ಹಾಳೆಯ ಲೆಕ್ಕದಲ್ಲೇ ನಾವು ಮನುಷ್ಯರನ್ನೂ ಅಳೆಯಲು ಶುರು ಮಾಡಿದ್ದೇವೆ. ಒಂದು ಕಂಪನಿಯ ಸಂದರ್ಶನದ ಪ್ಯಾನೆಲ್‌ನಲ್ಲಿ ನಾನಿದ್ದೆ. ಹಾವೇರಿ ಕಡೆಯ ಹುಡುಗಿಯೊಬ್ಬಳು ಸ್ಕ್ರೀನ್ ಶೇರ್ ಮಾಡಿಕೊಂಡು ನಾವು ಕೊಟ್ಟ ಕೆಟ್ಟ ಕೋಡಿನಲ್ಲಿ ದೋಷ ಹುಡುಕುತ್ತಿದ್ದಳು. ಮೌಸ್ ಹಿಡಿದು, ನಿಧಾನವಾಗಿ. ಚುಕ್ಕೆ ಇಟ್ಟು ನಿಲ್ಲಿಸಿದಳು. ಕಾಲ್ ಸ್ಟ್ಯಾಕನ್ನು ಕೆಳಗಿನಿಂದ ಮೇಲಕ್ಕೆ ಓದಿದಳು, ಅಂದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂತು ಅನ್ನೋ ವಂಶಾವಳಿಯನ್ನು. ‘ಸರ್, ಇದನ್ನ ಎರಡು ಸಲ ಕರೀತಾ ಐತಲ್ರೀ, ಒಂದ ಸಲ ಸಾಕಲ್ರೀ?’ ಅಂದಳು. ದೋಷ ಇದ್ದದ್ದು ಅಲ್ಲೇ. ಇನ್ನೊಬ್ಬ ಹುಡುಗನ ಬೆರಳು ಕೀಲಿಮಣೆಯ ಮೇಲೆ ಕುಣಿಯುತ್ತಿತ್ತು, ಹತ್ತು ಕಡೆ ಒಟ್ಟಿಗೆ ಕರ್ಸರ್ ನಿಲ್ಲಿಸಿದ, ಕೋಡನ್ನು ಚೆಂದಗೆ ಜೋಡಿಸಿದ, ದೋಷ ಹಾಗೇ ಉಳಿಯಿತು. ಮೌಲ್ಯಮಾಪನದ ಫಾರ್ಮಿನಲ್ಲಿ ‘ಸಲಕರಣೆಗಳ ಮೇಲೆ ಹಿಡಿತ’ ಅನ್ನೋ ಕಾಲಮ್ಮಿಗೆ ಅವನಿಗೆ ಐದಕ್ಕೆ ಐದು, ಅವಳಿಗೆ ಐದಕ್ಕೆ ಎರಡು ಬಿತ್ತು. ‘ಇನ್ನೂ ಮೌಸ್ ಹಿಡೀತಾಳೆ’ ಅನ್ನೋದೇ ಕಾರಣ. ನಾನು ವಾದ ಮಾಡಿದೆ, ಕೂಡಿಸಿದ ಅಂಕ ಬದಲಾಗಲಿಲ್ಲ. ಇದ್ದದ್ದು ಎರಡು ಕೆಲಸ, ಅವಳು ಮೂರನೆಯವಳಾದಳು.

ಈಗ ಈ ಅಳತೆ ಇನ್ನೂ ಹಾಸ್ಯಾಸ್ಪದ ಆಗುತ್ತಿದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದ ಮೇಲೆ ಎಡಿಟರಿನ ಅತಿ ಶಕ್ತಿಶಾಲಿ ಕೀಲಿ ಟ್ಯಾಬ್. ಬೂದು ಬಣ್ಣದಲ್ಲಿ ಯಂತ್ರ ಸೂಚಿಸಿದ ಹತ್ತು ಸಾಲನ್ನು ಒಂದೇ ಒತ್ತಿಗೆ ಒಪ್ಪಿಕೊಳ್ಳಬಹುದು. ಬೇಗ ಕುಟ್ಟುವವನಿಗೂ ನಿಧಾನಕ್ಕೆ ಕುಟ್ಟುವವನಿಗೂ ಇದ್ದ ಅಂತರವನ್ನು ಆ ಒಂದು ಕೀಲಿ ಅಳಿಸುತ್ತಿದೆ. ಹಾಗೆ ಬಂದ ಹತ್ತು ಸಾಲಿನಲ್ಲಿ ಒಂಬತ್ತನೆಯದು ತಪ್ಪಿದ್ದರೆ? ಅದನ್ನು ನಾವು ಬರೆದದ್ದಲ್ಲ, ಯಾಕೆ ಹಾಗೆ ಬರೆದೆ ಅಂತ ನೆನಪಿಸಿಕೊಳ್ಳಲೂ ಬರುವುದಿಲ್ಲ. ಅಪರಿಚಿತರು ಬರೆದ ಕೋಡನ್ನು ಓದಿದ ಹಾಗೇ ಓದಬೇಕು, ನಿಲ್ಲಿಸಬೇಕು, ಒಳಗೆ ಇಳಿಯಬೇಕು, ಬೆಲೆ ನೋಡಬೇಕು. ಆ ಹುಡುಗಿ ಮಾಡಿದ್ದು ಅದನ್ನೇ.

ಹಾಗಾಗಿ ಹೊಸದಾಗಿ ಈ ಕಸುಬಿಗೆ ಬರುವವರಿಗೆ ನನ್ನ ಸಲಹೆ: ಹಾಳೆಯನ್ನು ಅಂಟಿಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಕೆಳಗಿನಿಂದ ಓದಲು ಶುರು ಮಾಡಿ. ಮೊದಲ ವಾರ ಎಫ್9, ಎಫ್5, ಎಫ್10, ಎಫ್11. ಸರಿಯಾಗಿ ಓಡುವ ಪ್ರೋಗ್ರಾಮನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿ, ಕೆಟ್ಟಾಗ ಭಯ ಇರಲ್ಲ. ಎರಡನೇ ವಾರ ಎಫ್12, ಶಿಫ್ಟ್+ಎಫ್12, ಆಲ್ಟ್+ಎಡಬಾಣ. ಮೂರನೇ ವಾರ ಮೌಸ್ ಹಿಡಿದು ಆ ಎಡ ಅಂಚಿಗೆ ಹೋಗಿ ಷರತ್ತು ಹಾಕುವುದನ್ನು ಕಲಿಯಿರಿ, ಯಾರು ನಕ್ಕರೂ ತಲೆ ಕೆಡಿಸಿಕೊಳ್ಳಬೇಡಿ. ಮಲ್ಟಿ ಕರ್ಸರ್ ಕೊನೆಗೆ ಕಲಿತರೂ ನಡೆಯುತ್ತದೆ, ಅರ್ಧ ಗಂಟೆಯ ಕೆಲಸ. ಸಂದರ್ಶನ ಮಾಡುವ ಕುರ್ಚಿಯಲ್ಲಿ ಕೂರುವವರಿಗೂ ಒಂದು ಮಾತು: ಎದುರಿಗೆ ಕೂತವರ ಬೆರಳು ನೋಡಬೇಡಿ, ಅವರು ಪ್ರೋಗ್ರಾಮನ್ನು ಎಲ್ಲಿ ನಿಲ್ಲಿಸಿದರು ಅಂತ ನೋಡಿ.